ಮೂವರಿಗೂ ಒಂದೇ ವಿಳಾಸ

ತಂಗೀ ಶಶಿ,

ನಿನ್ನಕ್ಕ ಬರೀತಿದ್ದೀನಿ. ಮೊದಲ ಸಾಲಿಗೆ ‘ನಾವೆಲ್ಲ ಕ್ಷೇಮ’ ಅಂತ ಬರೆದೇ ನನಗೆ ಅಭ್ಯಾಸ. ಈ ಸಲವೂ ಬರೆದೆ, ಆಮೇಲೆ ಹೊಡೆದು ಹಾಕಿದೆ. ನಿನ್ನ ಕ್ಷೇಮ ಕೇಳೋ ಹಾಗಿಲ್ಲ, ನನ್ನದು ಚೆನ್ನಾಗಿದೆ ಅಂದರೆ ಸುಳ್ಳಾಗುತ್ತೆ. ನೀನಿದ್ದಾಗ ನನ್ನ ಒಂದು ಕಾಗದಕ್ಕಾದರೂ ಉತ್ತರ ಬರೆದೆಯಾ? ಕೈಗೆ ಸೇರಿದ ಕೂಡಲೇ ಫೋನು ಮಾಡಿ, “ದಾಸರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾಗದ ಹಾಕೋಳು ಈ ಕಾಲದಲ್ಲಿ ನೀನೊಬ್ಬಳೇ ಕಣಕ್ಕ” ಅಂತ ನಗ್ತಿದ್ದೆ. ಈಗ ಫೋನೂ ಬರಲ್ಲ. ಆದರೂ ಬರೀತೀನಿ. ಯಾಕೆ ಅಂತ ಕೊನೆಗೆ ಹೇಳ್ತೀನಿ, ಈಗಲೇ ಹೇಳೋಕೆ ಧೈರ್ಯ ಬರ್ತಿಲ್ಲ.

ನಿನ್ನ ತಿಥಿಯ ಊಟ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು, ಆಗ ಬಂದಳು ಆಫೀಸಿನಲ್ಲಿ ನಿನ್ನ ಜಾಗಕ್ಕೆ ಬಂದಿರೋ ಹುಡುಗಿ. ಚೈತ್ರ ಅಂತ ಹೆಸರು, ದಾವಣಗೆರೆ ಕಡೆಯವಳು, ಹಣೆಯಲ್ಲಿ ತೆಳುವಾಗಿ ವಿಭೂತಿ. ನಿನ್ನ ಫೋಟೋಗೆ ಕೈ ಮುಗಿದಳು. ಅಲ್ಲಿವರೆಗೂ ಸರಿ. ಆಮೇಲೆ ಅವಳ ಕಣ್ಣು ನಿನ್ನ ಫೋಟೋದಿಂದ ಸೀದಾ ಕಿಟಕಿ ಆಚೆಗೆ, ನಮ್ಮ ಬಾಡಿಗೆ ಮನೆ ಸಾಲಿನ ಮೇಲೆ ಹೋಯಿತು. “ಅಮ್ಮಾ, ಇವೆಲ್ಲ ನಿಮ್ಮ ಮನೆಗಳೇನಾ? ಬಾಡಿಗೆಗೆ ಇರೋರನ್ನ ಶಶಿಕಲಾ ಮೇಡಂಗೆ ಮೊದಲಿಂದಲೂ ಗೊತ್ತಿತ್ತಾ?” ತಿಥಿ ಮನೆಯಲ್ಲಿ ಕೇಳೋ ಮಾತಾ ಇದು? ಕಾಫಿ ಕೊಟ್ಟರೆ ಬೇಡ ಅಂದಳು. ನೀರಾದರೂ ಕುಡಿಯಮ್ಮ ಅಂದರೆ ಬ್ಯಾಗಿನೊಳಗಿದ್ದ ಬಾಟ್ಲಿ ತಟ್ಟಿ ತೋರಿಸಿದಳು. ಆವತ್ತೇ ಅಂದುಕೊಂಡೆ, ಇವಳು ನಿನಗಾಗಿ ಬಂದವಳಲ್ಲ, ಏನೋ ಹುಡುಕೋಕೆ ಬಂದವಳು ಅಂತ.

ಭಾನುವಾರ ಬಂದರೆ ನೀನು ನಮ್ಮ ಅಡುಗೆಮನೆ ಕಟ್ಟೆ ಮೇಲೆ ಕೂತು ಕಾಲಾಡಿಸುತ್ತಾ ಫೋನಿನಲ್ಲೇ ಊರೆಲ್ಲ ಆಳ್ತಿದ್ದದ್ದು ನೆನಪಾಗುತ್ತೆ. ಒಂದು ಆಸ್ಪತ್ರೆ ಡಾಕ್ಟರಿಗೂ ಇನ್ನೊಂದು ಆಸ್ಪತ್ರೆ ಡಾಕ್ಟರಿಗೂ ಮಾತು ನಿಂತಿದ್ದರೆ ನಡುವೆ ನೀನು. ರಕ್ತದ ಡಬ್ಬಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಐಸು ಕರಗ್ತಿದೆ ಅಂದರೆ ನೀನು. ರೋಗಿಯ ಗಂಡ ಬಂದು ಜಗಳ ತೆಗೆದ ಅಂದರೂ ನೀನು. ನಾನು ಕೇಳಿದ್ದೆ, ಇಷ್ಟೊಂದು ಆಸ್ಪತ್ರೆ, ಇಷ್ಟೊಂದು ಜನ ಕಟ್ಟಿಕೊಂಡು ನೀವು ಮಾಡೋದಾದರೂ ಏನೇ ಅಂತ. ಈರುಳ್ಳಿ ಹೆಚ್ಚುತ್ತಾ ಹೇಳಿದೆ: “ಮೈ ಕಾಯೋಕೆ ಅಂತ ಒಳಗೊಂದು ಕಾವಲು ಇರುತ್ತಕ್ಕ. ಅದಕ್ಕೆ ಯಾಕೋ ಅನುಮಾನ ಹತ್ತಿಬಿಡುತ್ತೆ. ಮನೆಯವರನ್ನೇ ಕಳ್ಳರು ಅಂದುಕೊಂಡು ಹೊಡೆಯೋಕೆ ಶುರು ಮಾಡುತ್ತೆ. ಒಬ್ಬರಿಗೆ ಕೀಲು, ಒಬ್ಬರಿಗೆ ಚರ್ಮ, ಒಬ್ಬರಿಗೆ ಮೂತ್ರಪಿಂಡ. ಯಾಕೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ಒಂದು ಆಸ್ಪತ್ರೆ ನೋಡಿದರೆ ತಿಳಿಯಲ್ಲ, ಎಲ್ಲರೂ ಸೇರಿ ನೋಡಬೇಕು. ಆ ಸೇರಿಸೋ ಕೆಲಸ ನಂದು.” ನಿನ್ನ ಕಣ್ಣಲ್ಲಿ ನೀರು. ಈರುಳ್ಳಿಗೋ ಕಾಯಿಲೆಗೋ ನಾನು ಕೇಳಲಿಲ್ಲ.

ನಮ್ಮ ಬಾಡಿಗೆ ಸಾಲಿನ ರೇಣುಕ ಮೊದಲು ನಿಮ್ಮ ತಪಾಸಣೆಗೆ ಹೋದ ದಿನ ನಿನಗೆ ಗೊತ್ತೇ ಇರಲಿಲ್ಲ ಅಲ್ವಾ? ಅದನ್ನ ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ಹಾವೇರಿ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ, ಬೆಳಿಗ್ಗೆ ಎದ್ದರೆ ಬೆರಳು ಮಡಿಸೋಕಾಗಲ್ಲ. ಫ್ಯಾಕ್ಟರಿಗೆ ಬಂದ ಡಾಕ್ಟರು ನಿಮ್ಮ ಕಡೆ ಕಳಿಸಿದರು. ಅವಳು ಹೋಗಿಬಂದು ಪಕ್ಕದ ಮನೆ ಶಮೀಮಳನ್ನ ಕರ್ಕೊಂಡು ಹೋದಳು. ಎದುರು ಮನೆ ತಿಮ್ಮಕ್ಕ, ಮಧುಗಿರಿಯ ಮುದುಕಿ, ನನ್ನದೇನು ಮೈ ಅಲ್ವಾ ಅಂತ ತಾನಾಗೇ ಹೊರಟಳು. ಮೂವರಿಗೂ ಕೀಲಿಗೆ ಬೀಳೋ ಅದೇ ಕಾಯಿಲೆ. “ದಿನದ ಔಷಧಿ ಹೇಗೂ ಕೊಡ್ತೀವಿ, ಜೊತೆಗೆ ಒಂದು ಹೊಸ ಮಾತ್ರೆ ಪರೀಕ್ಷೆ ಮಾಡ್ತಿದ್ದೀವಿ, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಥರ ಕಾಣೋ ಖಾಲಿ ಮಾತ್ರೆ, ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ” ಅಂತ ನೀನೇ ಕೂತು ಹೇಳಿದೆಯಂತೆ. ನಿನ್ನ ಕೆಳಗಿನವರು ಕಾಗದ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಸಾಕಿತ್ತು. ನೀನು ಬಿಡಲಿಲ್ಲ.

ಚೈತ್ರ ಎರಡನೇ ಸಲ ಬಂದಾಗ ಕೂರಿಸಿದ್ದು ಜಗಲಿಯಲ್ಲೇ. ಆವತ್ತೂ ಕಾಫಿ ಬೇಡ. “ಅಮ್ಮಾ, ಬೇಜಾರು ಮಾಡ್ಕೋಬೇಡ್ರಿ, ಹೇಳಲೇಬೇಕು. ಯಾರಿಗೆ ಯಾವ ಮಾತ್ರೆ ಅನ್ನೋದು ಗೊತ್ತಿರೋ ಒಂದು ಸಮಿತಿ ಬೇರೆ ಇದೆ. ನಿಮ್ಮ ಸಾಲಿನ ಮೂವರ ರಕ್ತದಲ್ಲೂ ಹೊಸ ಔಷಧಿ ಸಿಕ್ಕಿದೆ ಅಂತ ಅವರು ಬರೆದಿದ್ದಾರೆ. ಅದು ಮೂವರಿಗೂ ಹೋಗಬೇಕಾದ್ದಲ್ಲ, ಇವರಲ್ಲಿ ಖಾಲಿ ಮಾತ್ರೆಯವರೂ ಇದ್ದಾರೆ” ಅಂದಳು. ಹೋದರೇನಾಯ್ತು, ಒಳ್ಳೇದೇ ಆಯ್ತಲ್ಲ ಅಂದೆ. ಅವಳು ನೆಲ ನೋಡಿದಳು. “ಸೀಸೆಗಳು ನಮ್ಮ ಔಷಧಿ ಸ್ಟೋರಿನಲ್ಲೇ ಬದಲಾಗಿರಬೇಕು ಅಂತ ಕೆಲವರ ಅನುಮಾನ. ಮೂವರಿಗೂ ಒಂದೇ ವಿಳಾಸ. ಮೇಡಂ ಅವರ ಅಕ್ಕನ ಮನೆ ವಿಳಾಸ.”

ನನಗೆ ತಿಳಿಯೋಕೆ ಸ್ವಲ್ಪ ಹೊತ್ತು ಹಿಡೀತು ಕಣೆ. ತಿಳಿದ ಮೇಲೆ ಎದ್ದು ನಿಂತೆ. “ಸತ್ತೋಳ ಮೇಲೆ ಕಳ್ಳತನ ಹೊರಿಸೋಕೆ ಬಂದ್ಯಾ? ಎದ್ದೋಗಮ್ಮ. ಅವಳ ಕುರ್ಚಿ ಮೇಲೆ ಕೂತಿದ್ದೀಯ, ಸಾಲದಾ?” ಅಂದೆ. ಎದ್ದಳು, ಚಪ್ಪಲಿ ಹಾಕ್ಕೊಂಡಳು, “ಇನ್ನೊಂದ್ಸಲ ಬರ್ತೀನಮ್ಮಾ” ಅಂದಳು. ಅಷ್ಟು ಬೈಸಿಕೊಂಡು ಇನ್ನೊಂದು ಸಲ ಬರ್ತೀನಿ ಅನ್ನೋಳನ್ನ ಹೇಗೆ ನಂಬಲಿ? ಫೋನಿನಲ್ಲಿ ನನ್ನ ಮಾತು ಹಿಡಿದುಕೊಂಡಿರಬೇಕು, ಅದಕ್ಕೇ ಅದನ್ನ ಜಗಲಿ ಮೇಲೆ ಬೋರಲು ಇಟ್ಟಿದ್ದಳು ಅಂತ ಅವಳು ಹೋದ ಮೇಲೆ ಹೊಳೀತು.

ನೀನು ಒಂದು ಸಲ ರೇಣುಕಳ ಕೈ ಹಿಡಿದು ನೋಡಿ ಒಳಗೆ ಬಂದು, “ಇವಳಿಗೆ ನಿಜವಾದದ್ದೇ ಬಂದಿರಲಿ ಅನ್ನಿಸುತ್ತಕ್ಕ, ಹಾಗನ್ನಿಸಬಾರದು, ಆದರೂ…” ಅಂದಿದ್ದೆ. ಚೈತ್ರ ಹೋದ ಮೇಲೆ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಆ ‘ಆದರೂ’ ಆದಮೇಲೆ ಏನಿತ್ತು ಶಶಿ? ಸ್ಟೋರಿನ ಬೀಗದ ಕೈ ನಿನ್ನ ಬ್ಯಾಗಿನಲ್ಲೇ ಇರ್ತಿತ್ತು. ನೀನು ಅಯ್ಯೋ ಅನ್ನೋಳು, ಚಿಕ್ಕಂದಿನಲ್ಲಿ ನಿನ್ನ ತಟ್ಟೆಯ ಮುದ್ದೆಯನ್ನ ನಾಯಿಗೆ ಹಾಕಿ ಅವ್ವನ ಕೈಲಿ ಏಟು ತಿಂದೋಳು. ಒಂದು ವೇಳೆ… ಊರಿಗೆಲ್ಲ ಕೇಳೋ ಹಾಗೆ ನಾನು ಬೈದು ಕಳಿಸಿದ ಅನುಮಾನ ನನ್ನೊಳಗೇ ಚಾಪೆ ಹಾಸಿಕೊಂಡು ಕೂತಿತ್ತು.

ಅದಾದ ಮೇಲೆ ಬಾಡಿಗೆಯವರ ನಡೆಯೂ ಸರಿಯಿಲ್ಲ ಅನ್ನಿಸೋಕೆ ಶುರುವಾಯಿತು. ನಲ್ಲಿ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತೆ. ಶಮೀಮ ಸುಮ್ಮನೆ ನಗ್ತಾಳೆ. ತಿಮ್ಮಕ್ಕ ಕಿವಿ ಕೇಳಿಸದವಳ ಹಾಗೆ ಆಡ್ತಾಳೆ, ಬೇಡದ ಮಾತೆಲ್ಲ ಬೀದಿ ತುದಿಯಿಂದ ಕೇಳಿಸುತ್ತೆ ಅವಳಿಗೆ! ಒಂದು ಮಧ್ಯಾಹ್ನ ಗೋಡೆ ತೇವ ನೋಡಬೇಕು ಅನ್ನೋ ನೆಪ ಮಾಡಿಕೊಂಡು ರೇಣುಕಳ ಮನೆಗೆ ನುಗ್ಗಿದೆ. ಓನರ್ ಆದಮೇಲೆ ಅಷ್ಟು ಅಧಿಕಾರ ಇಲ್ವಾ? ಮೂವರೂ ನೆಲದ ಮೇಲೆ ಕೂತಿದ್ದಾರೆ. ನಡುವೆ ಮೊರ. ಮೊರದ ತುಂಬಾ ಬಿಳೀ ಮಾತ್ರೆ.

“ಏನ್ರೇ ಇದು?” ಅಂದೆ.

“ಅಕ್ಕಿ ಆರಿಸ್ತಾ ಇದ್ದೀವಿ ಕಣಮ್ಮ” ಅಂದಳು ತಿಮ್ಮಕ್ಕ.

“ನಿಮ್ಮ ಮಧುಗಿರಿ ಅಕ್ಕಿ ಇಷ್ಟು ದಪ್ಪ ಯಾವಾಗಾಯ್ತು ತಿಮ್ಮಕ್ಕ?”

ಶಮೀಮ ಸೆರಗು ಬಾಯಿಗೆ ಒತ್ತಿಕೊಂಡು, “ಆಯ್ತು, ಓನರಮ್ಮ ಪೊಲೀಸ್ ಆದ್ರು, ಇನ್ನು ಹೇಳಿಬಿಡೋಣ” ಅಂದಳು. ರೇಣುಕ ತಲೆ ಎತ್ತಲಿಲ್ಲ. “ಸೀಸೆ ಬಂದ ಕೂಡಲೆ ಮೂರನ್ನೂ ಮೊರಕ್ಕ ಸುರೀತೀವ್ರಿ ಅಮ್ಮಾರ. ಚಲೋತ್ನಾಗಿ ಕಲಸಿ, ಎಣಿಸಿ, ಮತ್ತ ಸೀಸೆಗೆ ತುಂಬ್ತೀವ್ರಿ. ಯಾರಿಗಿ ಖಾಲಿ ಬಂದೈತೋ ಯಾರಿಗಿ ಗೊತ್ರಿ? ಕಲಸಿದ್ರ ಒಬ್ಬಾಕಿಗೇ ಮೋಸ ಆಗಂಗಿಲ್ಲ.”

ಮೊದಲ ತಿಂಗಳಿಂದಲೂ ಹೀಗೇನಂತೆ. ಯಾರು ಹೇಳಿಕೊಟ್ಟರು ಅಂತ ಗದರಿಸಿದೆ. “ನೀವೇ ಅಲ್ವಾ ಅಮ್ಮಾ!” ಅಂದಳು ಶಮೀಮ. ಬೋರು ಒಣಗಿ ಟ್ಯಾಂಕರ್ ತರಿಸ್ತಿದ್ದಾಗ, ಮೊದಲು ಓಡಿಬಂದವರು ಡ್ರಮ್ಮುಗಟ್ಟಲೆ ಹಿಡಿದುಕೊಂಡು ಹಿಂದಿನವರು ಖಾಲಿ ಕೊಡ ಹಿಡಿದು ನಿಲ್ಲೋ ಹಾಗಾಗಿತ್ತು. ಬಂದ ನೀರೆಲ್ಲ ಮೊದಲು ಒಂದೇ ತೊಟ್ಟಿಗೆ, ಆಮೇಲೆ ಮನೆಗಿಷ್ಟು ಅಂತ ಕೊಡ ಹಂಚಿಕೆ, ನನ್ನ ಸಾಲಿನಲ್ಲಿ ಒಬ್ಬರಿಗೆ ಬಂದು ಒಬ್ಬರಿಗೆ ಇಲ್ಲ ಅನ್ನೋದು ನಡೆಯಲ್ಲ ಅಂತ ಕಟ್ಟು ಮಾಡಿದ್ದೆನಲ್ಲ. ಮಾತ್ರೆಗೂ ಅದೇ ಕಟ್ಟು ತಂದಿಟ್ಟಿದ್ದಾರೆ ಈ ಮಾರಾಯ್ತಿಯರು! ಉಳಿದ ಮಾತ್ರೆ ಎಣಿಸೋಕೆ ನಿಮ್ಮವರು ಬಂದಾಗ ಲೆಕ್ಕ ಸರಿಯಾಗೇ ಸಿಕ್ಕಿದೆ, ನುಂಗೋದರಲ್ಲಿ ಒಬ್ಬಳೂ ತಪ್ಪಿಲ್ಲ.

ಆ ಬಾಗಿಲಲ್ಲೇ ಕೂತುಬಿಟ್ಟೆ ಶಶಿ. ನಿನ್ನ ಕೈ ಇದರಲ್ಲಿ ಇರಲಿಲ್ಲ ಅಂತ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಇನ್ನೊಂದು ಕಲ್ಲು ಬಂದು ಕೂರೋಕೆ ತಡವಾಗಲಿಲ್ಲ. ನಾನು ಚೈತ್ರಳ ಹೆಸರು ಹೇಳಿ ವಿಷಯ ತಿಳಿಸುತ್ತಿದ್ದ ಹಾಗೇ ರೇಣುಕ ನನ್ನ ಕಾಲು ಹಿಡಿದಳು. “ಹೇಳಬ್ಯಾಡ್ರಿ ಅಮ್ಮಾರ. ನಮ್ಮನ್ನ ತಗದ್ ಹಾಕ್ತಾರ. ಅಂಥಾ ದೊಡ್ಡ ಡಾಕ್ಟರು ಮುಟ್ಟಿ ನೋಡೋದು ನಮಗ ಮತ್ತೆಲ್ಲಿ ಸಿಗತೈತ್ರಿ? ಈಗ ಕುಕ್ಕರ್ ಮುಚ್ಚಳ ನಾನೇ ತಗಿತೀನ್ರಿ.” ನಾನು ಹೇಳದಿದ್ದರೆ ನಿನ್ನ ಹೆಸರು ಹೋಗುತ್ತೆ. ಹೇಳಿದರೆ ಇವರ ಕೈ ಹೋಗುತ್ತೆ. ನೀನಾಗಿದ್ದರೆ ಏನು ಮಾಡ್ತಿದ್ದೆ? ಕಾಲು ಬಿಡಿಸಿಕೊಂಡು ಎದ್ದು ಬಂದೆ.

ಆ ವಾರ ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗೆ ಆಟೋ ನಿಂತ ಸದ್ದಾದರೆ, ಇವರು ಸಾಮಾನು ಕಟ್ಟಿ ಹೊರಟೇಬಿಟ್ಟರು ಅಂತ ಕಿಟಕಿಗೆ ಓಡ್ತಿದ್ದೆ. ನಾನು ಬಾಗಿಲು ಹಾಕಿದರೆ, ಓನರಮ್ಮ ಫೋನು ಮಾಡೋಕೆ ಹೋದಳು ಅಂತ ಅವರು ಅಂದುಕೊಳ್ತಿದ್ದರಂತೆ. ಕೊನೆಗೆ ತಿಮ್ಮಕ್ಕನೇ ಮುಂದಾಗಿ ಇಬ್ಬರನ್ನೂ ಎಳಕೊಂಡು ಬಂದಳು. “ಮೇಡಮ್ಮ ನನ್ನ ಮಂಡಿ ಮುಟ್ಟಿ ನೋಡಿದ್ದೋಳು ಕಣಮ್ಮ. ಅವ್ಳ ಎಸ್ರು ಕೆಡಿಸಿ ನುಂಗೋ ಮಾತ್ರೆ ನನ್ನ ಗಂಟ್ಲಲ್ಲಿ ಇಳಿಯಾಕಿಲ್ಲ. ಎಲ್ಲಿಗೆ ಓಗ್ಬೇಕೋ ಕರ್ಕೊಂಡು ಓಗು.” ರೇಣುಕಳನ್ನ ನೋಡಿದೆ. ಅತ್ತು ಮುಖ ಊದಿಕೊಂಡಿತ್ತು, ಆದರೆ ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಂದಿದ್ದಳು.

ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದ್ವಿ. ನಿನಗೆ ಗೊತ್ತಿಲ್ಲ, ಎಲೆಕ್ಟ್ರಾನಿಕ್ ಸಿಟಿಗೂ ಈಗ ಮೆಟ್ರೋ ಓಡ್ತಿದೆ ಕಣೆ, ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಲೈನಿಗೆ ಹೋಗಬೇಕು. ಸಿಲ್ಕ್ ಬೋರ್ಡ್ ಮೇಲೆ ಹೋಗುವಾಗ ಕೆಳಗೆ ಗಾಡಿಗಳು ಒಂದರ ಹಿಂದೆ ಒಂದು ನಿಂತೇ ಇದ್ದವು. ನಿನ್ನ ಆಯಸ್ಸಿನಲ್ಲಿ ಎಷ್ಟು ಭಾಗ ಈ ರಸ್ತೆ ತಿಂದುಕೊಂಡಿತೋ ಅಂತ… ಶಮೀಮ ನನ್ನ ಕೈ ಒತ್ತಿದಳು. ತಿಮ್ಮಕ್ಕ ಮಾತ್ರ, “ಪರ್ವಾಗಿಲ್ಲ, ಜೈಲಿಗಾದ್ರೂ ಏಸಿಯಲ್ಲಿ ಓಗ್ತಾ ಇದ್ದೀವಿ” ಅಂದಳು.

ಆಫೀಸಿನಲ್ಲಿ ಚೈತ್ರ ಇದ್ದಳು, ಜೊತೆಗೆ ತಲೆ ನರೆತ ಡಾಕ್ಟರೊಬ್ಬರು, ವಿಚಾರಣೆ ಅವರದ್ದು. ಮೂವರೂ ನಡೆದದ್ದು ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಮಾತ್ರೆ ಬೇರೆಯವರಿಗೆ ಕೊಡಬಾರದು ಅಂತ ನಿಮಗೆ ಹೇಳಿರಲಿಲ್ವಾ?”

“ಮಕ್ಕಳಿಗಿ ಕೊಡಬ್ಯಾಡ್ರಿ, ಮನಿ ಮಂದಿಗಿ ಕೊಡಬ್ಯಾಡ್ರಿ ಅಂದಿದ್ರು ಸರ್. ನಾವು ಕೊಟ್ಟಿಲ್ಲರೀ. ಇದರಾಗ ಇದ್ದವರೇ ತಮ್ತಮ್ಮೊಳಗ ಹಂಚ್ಕೋಬಾರ್ದು ಅಂತ ಯಾರೂ ಅಂದಿರಲಿಲ್ರಿ” ಅಂದಳು ರೇಣುಕ. ಡಾಕ್ಟರು ಚೈತ್ರಳನ್ನ ನೋಡಿದರು, ಚೈತ್ರ ಡಾಕ್ಟರನ್ನ ನೋಡಿದಳು. ಅಷ್ಟು ಓದಿದವರು ಒಟ್ಟಿಗೆ ಕೂತು ಬರೆದ ನಿಯಮ, ನೀನೂ ಇದ್ದೆ, ಯಾರಿಗೂ ಅದು ಹೊಳೆದಿರಲಿಲ್ಲ. ಶಮೀಮ ಮೆಲ್ಲಗೆ, “ಮೇಡಂ ಖಾಲಿ ಮಾತ್ರೆ ಇರುತ್ತೆ ಅಂತ ನಿಜ ಹೇಳಿದ್ರು ಸಾರ್. ಅದಕ್ಕೇ ಹಂಚ್ಕೊಂಡ್ವಿ. ಸುಳ್ಳು ಹೇಳಿದ್ದಿದ್ರೆ ನಮ್ಮ ನಮ್ಮ ಸೀಸೆ ನಾವು ನುಂಗಿಕೊಂಡು ಸುಮ್ನೆ ಇರ್ತಿದ್ವಿ” ಅಂದಳು.

ಆದರೂ ಡಾಕ್ಟರಿಗೆ ಒಂದು ಮುಳ್ಳು ಉಳಿದಿತ್ತು. “ಸರಿ, ಆದರೆ ಮೇಡಂ ಅಕ್ಕನ ಮನೆಯಲ್ಲಿರೋರೇ ಮೂವರೂ ಸೇರಿದ್ದು…” ಅಂತ ಎಳೆದರು. ನನ್ನ ಪಿತ್ತ ನೆತ್ತಿಗೇರಿತು. ಕೈ ಎರಡೂ ಅವರ ಮೇಜಿನ ಮೇಲೆ ಇಟ್ಟೆ. “ಆ ಅಕ್ಕ ನಾನೇ ಸಾರ್. ನೋಡಿ ಈ ಬೆರಳು. ಇವರಿಗಿಂತ ಮೊದಲೇ ನನಗೆ ಇದೇ ಕಾಯಿಲೆ. ನನ್ನನ್ನೂ ಸೇರಿಸಿಕೊಳ್ಳೇ ಅಂತ ನನ್ನ ತಂಗಿಯನ್ನ ಬೇಡಿಕೊಂಡಿದ್ದೆ. ಅಲ್ಲಿ ಕೆಲಸ ಮಾಡೋರ ಹತ್ತಿರದವರು ಸೇರೋ ಹಾಗಿಲ್ಲ ಅಂದಳು. ಬೇರೆ ಆಸ್ಪತ್ರೆಗೆ ತಾನೇ ಕರ್ಕೊಂಡು ಹೋಗ್ತಿದ್ದಳು, ಇಲ್ಲಿ ಬಾಗಿಲೂ ದಾಟಿಸಲಿಲ್ಲ. ಸ್ವಂತ ಅಕ್ಕನಿಗೆ ಮಾಡದೇ ಇದ್ದದ್ದನ್ನ ಬಾಡಿಗೆಯವರಿಗೆ ಮಾಡ್ತಾಳಾ?” ಡಾಕ್ಟರು ನನ್ನ ಬೆರಳನ್ನ ಒಂದೊಂದಾಗಿ ಮುಟ್ಟಿ ನೋಡಿದರು. ಸೊಟ್ಟಗಾದ ಆ ಎರಡು ಬೆರಳು ಹಿಡಿದಾಗ ಅವರ ಮುಖ ಬದಲಾಯಿತು. “ಸಾಕಮ್ಮ, ಕೂತ್ಕೊಳ್ಳಿ” ಅಂದರು. ಆಮೇಲೆ ನಿನ್ನ ಹೆಸರು ಎತ್ತಲಿಲ್ಲ.

ಹೊರಗೆ ಬಂದಾಗ ಚೈತ್ರ ಹಿಂದೆಯೇ ಬಂದು ಕ್ಯಾಂಟೀನಿಗೆ ಕರ್ಕೊಂಡು ಹೋದಳು. ಐದು ಕಾಫಿ ತರಿಸಿದಳು, ಮೊದಲು ತಾನೇ ಎತ್ತಿ ಕುಡಿದಳು. “ನನಗೆ ಕೆಲಸ ಕಲಿಸಿದ್ದೇ ಮೇಡಂ, ಅವರ ಹೆಸರು ಬರೆದು ಮುಗಿಸಿಬಿಡೋಣ ಅಂತ ಎಲ್ಲರೂ ಅವಸರ ಮಾಡುವಾಗ ಇನ್ನೊಂದು ಸಲ ನೋಡ್ಕೊಂಡು ಬರ್ತೀನಿ ಅಂತ ತಡೀತಿದ್ದೆ, ವಿಚಾರಣೆಗೆ ಬಂದವಳು ನಿಮ್ಮ ಮನೆ ಕಾಫಿ ಕುಡಿದಿದ್ದರೆ ನನ್ನ ಮಾತಿಗೆ ಬೆಲೆ ಇರ್ತಿರಲಿಲ್ಲ” ಅಂದಳು. ಇರಬಹುದು. ನಂಬಿದ್ದೀನಿ, ಮುಕ್ಕಾಲು ಪಾಲು. ನಿನ್ನ ಅಕ್ಕನ ವಿಳಾಸವನ್ನ ಮೊದಲು ಎತ್ತಿ ಆಡಿದವರು ಯಾರು ಅಂತ ಕೇಳಿದರೆ ಮಾತ್ರ ಅವಳು ಬಾಯಿ ಬಿಡಲಿಲ್ಲ. ಆ ಮನುಷ್ಯನ ಮೇಲೆ ನನ್ನ ಕಣ್ಣು ಇದ್ದೇ ಇರುತ್ತೆ.

ನಿನ್ನ ಮೇಲೆ ತಪ್ಪಿಲ್ಲ ಅಂತ ವರದಿ ಆಯಿತು ಶಶಿ, ಇದು ನಿನಗೆ ತಲುಪಬೇಕಾದ ಸುದ್ದಿ. ಮೂವರ ರಕ್ತವನ್ನ ಮಾತ್ರೆಯ ಲೆಕ್ಕದಿಂದ ತೆಗೆದರು, ಹೊಸ ಮಾತ್ರೆ ನಿಂತಿತು. ಅದಕ್ಕೆ ರೇಣುಕ ಇನ್ನೂ ಅಳ್ತಾಳೆ. ಆದರೆ ವರ್ಷವರ್ಷ ನೋಡಿಕೊಂಡು ಹೋಗೋ ಇನ್ನೊಂದು ವಿಭಾಗ ನೀನೇ ಶುರು ಮಾಡಿದ್ದೆಯಲ್ಲ, ಅದರಲ್ಲಿ ಉಳಿಸಿಕೊಂಡಿದ್ದಾರೆ, ಡಾಕ್ಟರು, ದಿನದ ಔಷಧಿ ಎರಡೂ ತಪ್ಪಿಲ್ಲ. ಈಗ ಹೊಸಬರಿಗೆಲ್ಲ ಹಂಚಿಕೋಬಾರದು, ಯಾಕೆ ಹಂಚಿಕೋಬಾರದು ಅಂತ ಬಿಡಿಸಿ ಹೇಳ್ತಾರಂತೆ. ಮೊನ್ನೆ ಚೈತ್ರ ಫೋನಿನಲ್ಲಿ, “ಅಮ್ಮಾ, ವರ್ತೂರಲ್ಲೂ ಅತ್ತೆ ಸೊಸೆ ಹಂಚ್ಕೋತಿದ್ರಂತ್ರೀ!” ಅಂತ ತಲೆ ಚಚ್ಚಿಕೊಂಡಳು. ಅತ್ತೆ ಸೊಸೆಯನ್ನ ಒಂದು ಮಾಡಿತಲ್ಲ ನಿಮ್ಮ ಮಾತ್ರೆ, ಅಷ್ಟಾದರೂ ಕೆಲಸ ಮಾಡಿದೆ ಅಂದೆ.

ಈಗ ಕಾಗದ ಯಾಕೆ ಅಂತ ಹೇಳ್ತೀನಿ. ಅದೇ ಫೋನಿನಲ್ಲಿ ಚೈತ್ರ, ನೀವೂ ಆ ವಿಭಾಗಕ್ಕೆ ಸೇರಬಹುದಲ್ವಾ ಅಮ್ಮಾ ಅಂದಳು. ನನಗೆ ಸಂತೋಷವೇ ಆಯಿತು. ಆಮೇಲೆ ದನಿ ತಗ್ಗಿಸಿ, “ಒಂದು ಪ್ರಶ್ನೆ ಕೇಳಲೇಬೇಕ್ರಿ, ಎಲ್ಲರಿಗೂ ಕೇಳ್ತೀವಿ. ನಿಮ್ಮ ಹತ್ತಿರದ ಸಂಬಂಧಿಕರು ಯಾರಾದರೂ ಈ ಕಾರ್ಯಕ್ರಮದಲ್ಲಿ ಕೆಲಸ ಮಾಡ್ತಿದ್ದಾರಾ?” ಅಂದಳು. ಬಂದು ಹೇಳ್ತೀನಿ ಅಂತ ಫೋನಿಟ್ಟೆ.

ಬೇರೆ ಯಾರಿಗಾದರೂ ಹೇಳೋಕೆ ಮೊದಲು ನಿನಗೆ ತಿಳಿಸಬೇಕು ಅನ್ನಿಸಿತು. ನಾಳೆ ಬೆಳಿಗ್ಗೆ ಹೋಗ್ತೀನಿ. ಅವಳು ಮತ್ತೆ ಕೇಳ್ತಾಳೆ. ನಾನು ಯಾರೂ ಇಲ್ಲ ಅಂತೀನಿ.

ನಿನ್ನ
ಅಕ್ಕ